ಲೋಹವೂ ಜಗ್ಗುತ್ತದೆ

ನೆಲಮಂಗಲದಲ್ಲಿ ಎರಡು ಹೆದ್ದಾರಿಗಳು ಕೂಡುತ್ತವೆ ಎಂಬುದು ಹಬ್ಬದ ಹಿಂದಿನ ಸಂಜೆ ಬೆಂಗಳೂರು ಬಿಟ್ಟು ಊರಿಗೆ ಹೊರಟವರಿಗೆಲ್ಲ ಗೊತ್ತು. ಕರೆಂಟಿನ ಹೆದ್ದಾರಿಗಳೂ ಅಲ್ಲಿಯೇ ಕೂಡುತ್ತವೆ ಎಂಬುದು ತಲೆಯೆತ್ತಿ ನೋಡಿದವರಿಗಷ್ಟೇ ಗೊತ್ತು. ಇಲ್ಲಿನ 400 ಕೆವಿ ವಿದ್ಯುತ್ ಸ್ವೀಕರಣಾ ಕೇಂದ್ರಕ್ಕೆ ಶರಾವತಿ ಸೀಮೆಯ ತಾಳಗುಪ್ಪದಿಂದ, ಹಿರಿಯೂರಿನಿಂದ ತಂತಿಗಳು ಬಂದು ಸೇರುತ್ತವೆ. ರಾಗಿ ಹೊಲ, ತೆಂಗಿನ ತೋಟ, ಕಲ್ಲು ನೆಟ್ಟ ಹೊಸ ಸೈಟುಗಳ ಮೇಲೆ ಟವರಿನಿಂದ ಟವರಿಗೆ ಜೋತುಕೊಂಡು ಅವು ಸಾಗುವುದನ್ನು ನೋಡಿದರೆ ಅಷ್ಟು ನಿಶ್ಚಲವಾದದ್ದು ಬೇರೊಂದಿಲ್ಲ ಅನ್ನಿಸುತ್ತದೆ.

ಆದರೆ ಆ ತಂತಿ ಸುಮ್ಮನಿರುವುದಿಲ್ಲ. ಮಧ್ಯಾಹ್ನದ ಬಿಸಿಲಿಗೂ ಮೈಯಲ್ಲಿ ಹರಿಯುವ ಕರೆಂಟಿಗೂ ಕಾದು ಹಿಗ್ಗಿ ಕೆಳಗಿಳಿಯುತ್ತದೆ, ರಾತ್ರಿ ತಣಿದು ಮೇಲೇರುತ್ತದೆ. ಈ ಏರಿಳಿತ ದಿನದಿನದ್ದು. ಇದರ ಮರೆಯಲ್ಲಿ ಇನ್ನೊಂದು ಇಳಿತ ನಡೆದಿರುತ್ತದೆ. ಅದು ಮೇಲೇರುವುದಿಲ್ಲ. ವರ್ಷಗಟ್ಟಲೆ ಎಳೆತದಲ್ಲಿರುವ ಅಲ್ಯೂಮಿನಿಯಂ ಕೂದಲೆಳೆಯಷ್ಟು, ಮತ್ತೆ ಕೂದಲೆಳೆಯಷ್ಟು ಉದ್ದವಾಗುತ್ತ ಹೋಗುತ್ತದೆ.

ಎಷ್ಟು ಉದ್ದವಾದರೆ ಎಷ್ಟು ಇಳಿಯುತ್ತದೆ? ಲೆಕ್ಕ ಮಾಡಿದರೆ ಆಶ್ಚರ್ಯವಾಗುತ್ತದೆ. ಎರಡು ಟವರ್‌ಗಳ ನಡುವೆ 400 ಮೀಟರ್ ಅಂತರವಿದ್ದು ತಂತಿ ನಡುವಿನಲ್ಲಿ 10 ಮೀಟರ್ ಜೋತಿದ್ದರೆ, ತಂತಿಯ ನಿಜವಾದ ಉದ್ದ 400 ಮೀಟರಿಗಿಂತ 67 ಸೆಂಟಿಮೀಟರ್ ಮಾತ್ರ ಹೆಚ್ಚು. ಜೋಲು 10ರಿಂದ 11 ಮೀಟರಿಗೆ ಇಳಿಯಲು ತಂತಿ ಹಿಗ್ಗಬೇಕಾದದ್ದು ಬರೀ 14 ಸೆಂಟಿಮೀಟರ್. ಗೇಣಿಗಿಂತ ಕಡಿಮೆ! 400 ಕೆವಿ ತಂತಿ ನೆಲದಿಂದ ಕನಿಷ್ಠ 8.84 ಮೀಟರ್ ಎತ್ತರದಲ್ಲಿರಬೇಕು ಎಂಬುದು ನಮ್ಮ ನಿಯಮ. ಆ ಎತ್ತರದಿಂದ ಒಂದು ಮೀಟರನ್ನು ನುಂಗಲು ಅರ್ಧ ಕಿಲೋಮೀಟರಿಗೂ ಹತ್ತಿರದ ತಂತಿಯಲ್ಲಿ ಗೇಣು ಹಿಗ್ಗು ಸಾಕು.

ಹಾಗೆಂದು ಎಂಜಿನಿಯರುಗಳು ಕೈಕಟ್ಟಿ ಕುಳಿತಿಲ್ಲ. ದೇಶದ 400 ಕೆವಿ ಮಾರ್ಗಗಳಲ್ಲಿ ಹೆಚ್ಚಾಗಿ ಕಾಣುವ ತಂತಿಯ ಹೆಸರು ಮೂಸ್. ತಂತಿಗಳಿಗೆ ಪ್ರಾಣಿಗಳ ಹೆಸರಿಡುವುದು ಬ್ರಿಟಿಷರು ಬಿಟ್ಟುಹೋದ ರೂಢಿ; ಊರೊಳಗಿನ ಸಣ್ಣ ಲೈನುಗಳಲ್ಲಿ ರ‍್ಯಾಬಿಟ್, ವೀಸಲ್ ಓಡಾಡುತ್ತವೆ, 220 ಕೆವಿಯಲ್ಲಿ ಜೀಬ್ರಾ. ಮೂಸ್‌ನಲ್ಲಿ 54 ಅಲ್ಯೂಮಿನಿಯಂ ಎಳೆಗಳು 7 ಉಕ್ಕಿನ ಎಳೆಗಳ ಸುತ್ತ ಹೆಣೆದುಕೊಂಡಿರುತ್ತವೆ. ಕರೆಂಟು ಸಾಗಿಸುವುದು ಅಲ್ಯೂಮಿನಿಯಂ ಕೆಲಸ, ಎಳೆತ ತಡೆಯಲು ಬೆನ್ನಿಗೆ ನಿಲ್ಲುವುದು ಉಕ್ಕು. ತಂತಿ ಎಳೆದು ಕಟ್ಟುವ ದಿನ ಅಂದಿನ ತಾಪಮಾನ ಇರುವುದಕ್ಕಿಂತ ಹಲವು ಡಿಗ್ರಿ ಕಡಿಮೆ ಎಂದು ಲೆಕ್ಕ ಹಿಡಿದು ಬೇಕಾದದ್ದಕ್ಕಿಂತ ಬಿಗಿಯಾಗಿ ಕಟ್ಟುತ್ತಾರೆ. ಮುಂದಿನ ಹತ್ತಾರು ವರ್ಷಗಳಲ್ಲಿ ಅದು ಹಿಗ್ಗುವ ಪಾಲನ್ನು ಮೊದಲ ದಿನವೇ ಮುರಿದುಕೊಂಡ ಹಾಗೆ.

ಈ ಹಿಗ್ಗುವಿಕೆಗೆ ಇಂಗ್ಲಿಷಿನ ಹೆಸರು ಕ್ರೀಪ್. ಕನ್ನಡದ ಪಾರಿಭಾಷಿಕ ಪಟ್ಟಿಗಳು ಇದಕ್ಕೆ ತೆವಳುವ, ಸರಿಯುವ ಅರ್ಥದ ಪದಗಳನ್ನು ಕಟ್ಟುತ್ತವೆ. ಅಷ್ಟು ದೂರ ಹೋಗಬೇಕಾಗಿಯೇ ಇಲ್ಲ. ಹಗ್ಗದ ಮಂಚ ಜಗ್ಗುತ್ತದೆ, ಬಟ್ಟೆ ಒಣಹಾಕಿದ ತಂತಿ ಜಗ್ಗುತ್ತದೆ, ಹೊರೆ ಹೆಚ್ಚಾದ ಅಟ್ಟದ ತೊಲೆ ಜಗ್ಗುತ್ತದೆ. ಮುರಿಯದೆ, ಸದ್ದಿಲ್ಲದೆ, ಹೊರೆಗೆ ಸೋಲುತ್ತ ಹೋಗುವುದಕ್ಕೆ ನಮ್ಮಲ್ಲಿ ಈ ಮಾತು ಮೊದಲಿನಿಂದಲೂ ಇದೆ. ಲೋಹದ ವಿಷಯದಲ್ಲಿ ಅದು ನಡೆಯುವ ಜಾಗವನ್ನು ಹಳೆಯ ಮನೆಯ ಬಚ್ಚಲಲ್ಲೇ ನೋಡಬಹುದಿತ್ತು. ಹಂಡೆ ಕೂರಿಸಿದ ಒಲೆಯ ಮೇಲೆ ಅಡ್ಡ ಹಾಕಿದ ಕಬ್ಬಿಣದ ಸರಳುಗಳು ಹಾಕಿದ ದಿನ ನೆಟ್ಟಗಿರುತ್ತವೆ. ನೀರು ತುಂಬಿದ ಹಂಡೆಯ ಭಾರಕ್ಕೆ ತಣ್ಣಗಿರುವಾಗ ಅವು ನೂರು ವರ್ಷ ಬಾಗುವುದಿಲ್ಲ. ದಿನವೂ ಕೆಂಪಗೆ ಕಾದು ಅದೇ ಭಾರ ಹೊತ್ತರೆ ಕೆಲವೇ ವರ್ಷಗಳಲ್ಲಿ ಬಿಲ್ಲಿನಂತೆ ಬಾಗಿರುತ್ತವೆ. ಭಾರ ಅದೇ, ಸರಳೂ ಅದೇ. ಕಾವು ಮತ್ತು ಕಾಲ ಸೇರಿದವು, ಅಷ್ಟೆ.

ಕಾವು ಎಂದರೆ ಎಷ್ಟು ಕಾವು ಎಂಬುದು ಲೋಹದಿಂದ ಲೋಹಕ್ಕೆ ಬೇರೆ. ಇದನ್ನು ಅಳೆಯಲು ಲೋಹವಿಜ್ಞಾನಿಗಳು ಒಂದು ಸುಲಭ ಅಳತೆಗೋಲು ಇಟ್ಟುಕೊಂಡಿದ್ದಾರೆ. ಸೊನ್ನೆಯನ್ನು ಮೈನಸ್ 273 ಡಿಗ್ರಿಯಲ್ಲಿ ಇಡುವ ಕೆಲ್ವಿನ್ ಮಾಪನದಲ್ಲಿ ಲೋಹದ ಈಗಿನ ತಾಪವನ್ನು ಅದು ಕರಗುವ ತಾಪದಿಂದ ಭಾಗಿಸಬೇಕು. ಉತ್ತರ 0.4ರ ಆಸುಪಾಸಿಗೆ ಬಂದರೆ ಲೋಹ ಜಗ್ಗಲು ತಯಾರಾಗಿದೆ ಎಂದರ್ಥ. ಮನೆಯೊಳಗಿನ ಕಬ್ಬಿಣಕ್ಕೆ ಈ ಸಂಖ್ಯೆ 0.17 ಮಾತ್ರ. ಕೆಂಪಗೆ ಕಾದ ಬಚ್ಚಲೊಲೆಯ ಸರಳಿಗೆ 0.5 ದಾಟುತ್ತದೆ. ಸೀಸ 327 ಡಿಗ್ರಿಗೇ ಕರಗುವುದರಿಂದ ನೆಲಮಂಗಲದ ಸಾಧಾರಣ ಹಗಲಿನಲ್ಲೂ ಅದು 0.5ರಲ್ಲಿದೆ, ಸೀಸದ ಪಾಲಿಗೆ ನಮ್ಮ ಚಳಿಗಾಲವೂ ಕುಲುಮೆಯೇ. ಹಳೆಯ ಮೊಬೈಲ್, ಟಿವಿಗಳ ಒಳಗೆ ಬಿಡಿಭಾಗಗಳನ್ನು ಹಿಡಿದಿಟ್ಟ ತವರ-ಸೀಸದ ಬೆಸುಗೆ 183 ಡಿಗ್ರಿಗೆ ಕರಗುತ್ತದೆ, ಹಾಗಾಗಿ ಅದು 0.66ರಲ್ಲಿ ಬದುಕುತ್ತದೆ. ಅಲ್ಯೂಮಿನಿಯಂ 0.32. ತಂತಿ 75 ಡಿಗ್ರಿಗೆ ಕಾದರೆ 0.37. ಗಡಿಯ ಈಚೆಗೇ ಇದೆ, ಆದರೆ ಗಡಿ ಎಂಬುದು ಇಲ್ಲಿ ಬೇಲಿಯಲ್ಲ. ಎಳೆತ ಸದಾ ಇದ್ದು ಕಾಯಲು ಮೂವತ್ತು ನಲವತ್ತು ವರ್ಷ ಸಿಕ್ಕರೆ ಸಣ್ಣ ವೇಗವೂ ಲೆಕ್ಕಕ್ಕೆ ಬರುತ್ತದೆ.

ಇದನ್ನು ಮೊದಲು ಅಳೆದು ನೋಡಿದವರಲ್ಲಿ ಒಬ್ಬರು ಫ್ರಾನ್ಸಿನ ಲೂಯಿ ವಿಕಾ. ತೂಗುಸೇತುವೆಗಳಿಗೆ ಕಬ್ಬಿಣದ ತಂತಿ ಬಳಸಲು ಶುರುವಾದ ಕಾಲ ಅದು. ತಂತಿ ಇಂದು ಭಾರ ತಡೆಯಿತು ಎಂದ ಮಾತ್ರಕ್ಕೆ ನಾಳೆಯೂ ತಡೆಯುತ್ತದೆಯೇ ಎಂಬ ಅನುಮಾನ ವಿಕಾಗೆ ಬಂತು. ತುಂಡಾಗಲು ಬೇಕಾದ ಭಾರದ ಕಾಲು ಪಾಲಿನಿಂದ ಮುಕ್ಕಾಲು ಪಾಲಿನವರೆಗೆ ಬೇರೆ ಬೇರೆ ಹೊರೆ ಕಟ್ಟಿ 33 ತಿಂಗಳು ತೂಗುಹಾಕಿದರು. 1834ರಲ್ಲಿ ಪ್ರಕಟವಾದ ಅವರ ಟಿಪ್ಪಣಿಯ ಪ್ರಕಾರ, ಕಾಲು ಪಾಲು ಹೊತ್ತ ತಂತಿ ಮೊದಲು ಹಿಗ್ಗಿದಷ್ಟರಲ್ಲೇ ನಿಂತಿತ್ತು, ಹೆಚ್ಚು ಹೊತ್ತವು ಹಿಗ್ಗುತ್ತಲೇ ಹೋಗಿದ್ದವು. ಇಪ್ಪತ್ತು ವರ್ಷದ ಬಳಿಕ ಇಂಗ್ಲೆಂಡಿನ ಬ್ರಿಸ್ಟಲ್ ಕ್ಯಾಥೆಡ್ರಲಿನಲ್ಲಿ ಇಳಿಜಾರು ಚಾವಣಿಗೆ ಹೊದಿಸಿದ್ದ ಸೀಸದ ತಗಡು ತಾನಾಗಿ ಒಂದೂವರೆ ಅಡಿ ಕೆಳಗೆ ಜಾರಿದ್ದನ್ನು ಹೆನ್ರಿ ಮೋಸ್ಲಿ ಎಂಬ ಪಾದ್ರಿ ಗಮನಿಸಿ, ಹಿಮನದಿಗಳು ಬೆಟ್ಟದಿಂದ ಇಳಿಯುವುದೂ ಹೀಗೇ ಎಂದು ವಾದ ಹೂಡಿದರು. ಹಗಲಿನ ಹಿಗ್ಗು, ರಾತ್ರಿಯ ಕುಗ್ಗುಗಳ ನಡುವೆ ತಗಡು ಮೆಲ್ಲಗೆ ಕೆಳಗೆ ನಡೆದಿತ್ತು. ಹಿಮನದಿಯ ವಾದ ಬಿದ್ದುಹೋಯಿತು, ಚಾವಣಿಯ ಕಥೆ ಉಳಿಯಿತು.

ಇದಕ್ಕೆ ಶಾಸ್ತ್ರದ ರೂಪ ಕೊಟ್ಟದ್ದು 1910ರಲ್ಲಿ ಲಂಡನ್ನಿನ ಎಡ್ವರ್ಡ್ ಆಂಡ್ರಾಡೆ ಪ್ರಕಟಿಸಿದ ಪ್ರಬಂಧ. ಸೀಸದ ತಂತಿಗೆ ತೂಕ ಕಟ್ಟಿದರೆ ತಂತಿ ಹಿಗ್ಗುತ್ತ ಸಣ್ಣಗಾಗುತ್ತದೆ, ಸಣ್ಣಗಾದಷ್ಟೂ ಅದೇ ತೂಕ ಹೆಚ್ಚು ಒತ್ತಡ ಹೇರುತ್ತದೆ. ಹೀಗಾದರೆ ಅಳತೆಗೆ ಅರ್ಥವಿಲ್ಲ. ಆಂಡ್ರಾಡೆ ಇದಕ್ಕೆ ಮಾಡಿದ ಉಪಾಯ ಚೆಂದದ್ದು: ತೂಕವನ್ನು ವಿಶೇಷ ಆಕಾರದಲ್ಲಿ ಎರಕ ಹೊಯ್ದು ಅದರ ತುದಿ ದ್ರವದಲ್ಲಿ ಮುಳುಗುವಂತೆ ಇಟ್ಟರು. ತಂತಿ ಇಳಿದಷ್ಟೂ ತೂಕ ಹೆಚ್ಚು ಮುಳುಗಿ ಹಗುರಾಗುತ್ತದೆ; ತಂತಿ ಸಣ್ಣಗಾದ ಲೆಕ್ಕವೂ ತೂಕ ಹಗುರಾದ ಲೆಕ್ಕವೂ ಸರಿಹೋಗುತ್ತವೆ. ಇಂಥ ಪ್ರಯೋಗಗಳಿಂದ ತಿಳಿದದ್ದನ್ನು ಇಂದಿಗೂ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಮೂರು ಘಟ್ಟಗಳ ವಕ್ರರೇಖೆಯಾಗಿ ಬರೆಯುತ್ತಾರೆ. ಲೋಹ ಮೊದಲು ಚುರುಕಾಗಿ ಹಿಗ್ಗಿ ನಿಧಾನಗೊಳ್ಳುತ್ತದೆ. ಆಮೇಲೆ ಬಹುಕಾಲ ಒಂದೇ ಗತಿಯಲ್ಲಿ ಸಾಗುತ್ತದೆ. ಕೊನೆಗೆ ಒಳಗೆ ಗುಳಿ ಬಿದ್ದು, ಗತಿ ಏರಿ, ಹರಿದುಹೋಗುತ್ತದೆ. ನಡುವಿನ ಆ ದೀರ್ಘ ಸಮಗತಿಯ ಘಟ್ಟದಲ್ಲೇ ಕಾರ್ಖಾನೆಗಳ ಬದುಕೆಲ್ಲ ಕಳೆಯುವುದು.

ಲೋಹದ ಒಳಗೆ ನಡೆಯುವುದೇನು? ಲೋಹವೆಂದರೆ ಅಸಂಖ್ಯ ಹರಳುಗಳ ಒಟ್ಟಿಲು. ಪ್ರತಿ ಹರಳಿನಲ್ಲೂ ಪರಮಾಣುಗಳು ಸಾಲುಸಾಲಾಗಿ ನಿಂತಿವೆ, ಅಲ್ಲಲ್ಲಿ ಸಾಲು ತಪ್ಪಿದೆ. ಈ ತಪ್ಪಿದ ಸಾಲುಗಳು ಸರಿದಾಡುವುದರಿಂದಲೇ ಲೋಹ ಬಾಗುವುದು. ಉಕ್ಕಿನಲ್ಲಿ ಬೇಕೆಂದೇ ಬೆರೆಸಿದ ಕಾರ್ಬೈಡಿನಂಥ ಗಟ್ಟಿ ಕಣಗಳು ದಾರಿಗೆ ಅಡ್ಡ ಕುಳಿತು ಅವನ್ನು ತಡೆಯುತ್ತವೆ. ಟೋಲ್ ಗೇಟಿನ ಮುಂದೆ ಕೆಟ್ಟು ನಿಂತ ಲಾರಿಯ ಹಿಂದೆ ಸಾಲು ನಿಂತ ವಾಹನಗಳ ಸ್ಥಿತಿ. ತಣ್ಣಗಿದ್ದರೆ ಅವು ಅಲ್ಲೇ ನಿಂತಿರುತ್ತವೆ, ಲೋಹ ಬಲವಾಗಿದೆ ಎನ್ನುತ್ತೇವೆ. ಕಾವೇರಿದರೆ ಪರಮಾಣುಗಳು ಒಂದೊಂದಾಗಿ ಜಾಗ ಬದಲಿಸುತ್ತವೆ, ಖಾಲಿ ಜಾಗಗಳು ಓಡಾಡುತ್ತವೆ, ಸಿಕ್ಕಿಬಿದ್ದ ಸಾಲು ಮೆಲ್ಲಗೆ ಮೇಲಿನ ಅಂತಸ್ತಿಗೆ ಏರಿ ಸರ್ವಿಸ್ ರಸ್ತೆ ಹಿಡಿದ ಕಾರಿನಂತೆ ಅಡ್ಡಿಯನ್ನು ದಾಟಿಬಿಡುತ್ತದೆ. ಇನ್ನೂ ಕಡಿಮೆ ಹೊರೆಯಲ್ಲಿ, ಇನ್ನೂ ಹೆಚ್ಚು ಕಾವಿನಲ್ಲಿ, ಸಾಲುಗಳ ಗೊಡವೆಯೇ ಇಲ್ಲದೆ ಪರಮಾಣುಗಳು ಹರಳಿನ ಒಂದು ಪಕ್ಕದಿಂದ ಇನ್ನೊಂದು ಪಕ್ಕಕ್ಕೆ ವಲಸೆ ಹೋಗಿ ಹರಳಿನ ಆಕಾರವನ್ನೇ ಉದ್ದ ಮಾಡುತ್ತವೆ. ಹರಳು ಹರಳುಗಳ ನಡುವಿನ ಅಂಚುಗಳು ಈ ವಲಸೆಗೆ ಹೆದ್ದಾರಿ. ಗುಳಿ ಬೀಳುವುದೂ ಆ ಅಂಚುಗಳಲ್ಲೇ. ಈ ಅಂಚುಗಳ ವಿಷಯ ಮುಂದೆ ಎಂಜಿನ್ನಿನ ಮಾತು ಬಂದಾಗ ಮತ್ತೆ ಬೇಕಾಗುತ್ತದೆ.

ಕರ್ನಾಟಕದಲ್ಲಿ ಲೋಹ ಜಗ್ಗುವುದರ ದೊಡ್ಡ ರಂಗಸ್ಥಳ ಇರುವುದು ರಾಯಚೂರಿನ ಶಕ್ತಿನಗರದಲ್ಲಿ. ಕೃಷ್ಣಾ ದಂಡೆಯ ಶಾಖೋತ್ಪನ್ನ ವಿದ್ಯುತ್ ಕೇಂದ್ರದ ಮೊದಲ ಘಟಕ ಶುರುವಾದದ್ದು 1985ರಲ್ಲಿ. ಈಗ ಅಲ್ಲಿ 210 ಮೆಗಾವಾಟಿನ ಏಳು, 250 ಮೆಗಾವಾಟಿನ ಒಂದು ಘಟಕ, ಒಟ್ಟು 1,720 ಮೆಗಾವಾಟ್. 210 ಮೆಗಾವಾಟಿನ ಘಟಕದಲ್ಲಿ ಬಾಯ್ಲರಿನಿಂದ ಟರ್ಬೈನಿಗೆ ಹೋಗುವ ಉಗಿ ಚದರ ಸೆಂಟಿಮೀಟರಿಗೆ 150 ಕಿಲೋ ಒತ್ತಡದಲ್ಲಿ, ಸುಮಾರು 540 ಡಿಗ್ರಿ ಕಾವಿನಲ್ಲಿ ಹರಿಯುತ್ತದೆ. ಶಿಡ್ಲಘಟ್ಟ, ಅದರ ಹತ್ತಿರದ ವಿಜಯಪುರದ ರೇಷ್ಮೆ ಫಿಲೇಚರುಗಳ ಬಾಯ್ಲರಿಗೆ ಹೋಲಿಸಿ ನೋಡಿ. 10 ಕಿಲೋ ಒತ್ತಡದ ಉಗಿಯ ಕಾವು 185 ಡಿಗ್ರಿಯ ಆಸುಪಾಸು. ಅಲ್ಲಿ ತುಕ್ಕಿನ ಭಯ, ಒಳಮೈಗೆ ಪದರ ಕಟ್ಟುವ ಭಯ ಇದೆ, ಜಗ್ಗುವ ಭಯ ಇಲ್ಲ. ಸಾದಾ ಉಕ್ಕು 400 ಡಿಗ್ರಿಯ ಹತ್ತಿರ ಬಂದಾಗ ಆ ಭಯ ಶುರು. ಅದಕ್ಕಾಗಿಯೇ ದೊಡ್ಡ ಸ್ಥಾವರಗಳ ಉಗಿ ಕೊಳವೆಗಳಿಗೆ ಕ್ರೋಮಿಯಂ, ಮಾಲಿಬ್ಡಿನಂ ಬೆರೆಸಿದ ಉಕ್ಕು ಬೇಕು.

ಈ ಉಕ್ಕು ಜಗ್ಗುವುದಿಲ್ಲ ಎಂದು ಯಾರೂ ಹೇಳುವುದಿಲ್ಲ. ಎಷ್ಟು ಜಗ್ಗಬಹುದು ಎಂದು ಮೊದಲೇ ಒಪ್ಪಂದ ಮಾಡಿಕೊಳ್ಳುತ್ತಾರೆ. 1950ರ ಭಾರತೀಯ ಬಾಯ್ಲರ್ ನಿಯಮಾವಳಿ ಕೊಳವೆಯ ಮೇಲೆ ಹೇರಬಹುದಾದ ಒತ್ತಡವನ್ನು ನಿಗದಿ ಮಾಡುವಾಗ ಒಂದು ಲಕ್ಷ ಗಂಟೆಯಲ್ಲಿ ಲೋಹ ಹರಿಯುವ ಒತ್ತಡ ಯಾವುದು, ಒಂದು ಲಕ್ಷ ಗಂಟೆಯಲ್ಲಿ ನೂರಕ್ಕೆ ಒಂದು ಪಾಲು ಹಿಗ್ಗಿಸುವ ಒತ್ತಡ ಯಾವುದು ಎಂದು ಕೇಳುತ್ತದೆ. ಒಂದು ಲಕ್ಷ ಗಂಟೆ ಎಂದರೆ ಹನ್ನೊಂದು ವರ್ಷ ಐದು ತಿಂಗಳು. 400 ಡಿಗ್ರಿ ಮೀರಿ ದುಡಿಯುವ ಭಾಗಗಳು ಅಷ್ಟು ಗಂಟೆ ದುಡಿದ ಮೇಲೆ ಅವುಗಳ ಉಳಿದ ಆಯಸ್ಸನ್ನು ತಪಾಸಣೆ ಮಾಡಿಸಲೇಬೇಕು ಎಂಬುದೂ ಅದೇ ನಿಯಮಾವಳಿಯ ಮಾತು. ಸೇತುವೆಗೆ, ಕಟ್ಟಡಕ್ಕೆ ವಯಸ್ಸನ್ನು ವರ್ಷದಲ್ಲಿ ಹೇಳುತ್ತೇವೆ. ಬಾಯ್ಲರಿಗೆ ಗಂಟೆಯಲ್ಲಿ.

ಗಂಟೆಯಲ್ಲಿ ಹೇಳಿದರೂ ಸಾಲದು. ಆ ಗಂಟೆಗಳು ಎಷ್ಟು ಡಿಗ್ರಿಯಲ್ಲಿ ಕಳೆದವು ಎಂಬುದೇ ಮುಖ್ಯ. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಲಾರ್ಸನ್ ಮತ್ತು ಮಿಲ್ಲರ್ 1952ರಲ್ಲಿ ಕೊಟ್ಟ ಸೂತ್ರ ಇಂದಿಗೂ ಈ ಲೆಕ್ಕಕ್ಕೆ ಒದಗುತ್ತದೆ: ಕೆಲ್ವಿನ್ ತಾಪವನ್ನು ಗಂಟೆಗಳ ಲಾಗರಿದಮ್ಮಿಗೆ 20 ಕೂಡಿಸಿದ ಮೊತ್ತದಿಂದ ಗುಣಿಸಬೇಕು, ಒತ್ತಡ ಬದಲಾಗದಿದ್ದರೆ ಬರುವ ಗುಣಲಬ್ಧ ಬದಲಾಗುವುದಿಲ್ಲ. 540 ಡಿಗ್ರಿಯಲ್ಲಿ ಒಂದು ಲಕ್ಷ ಗಂಟೆ ಬಾಳುವ ಕೊಳವೆಯನ್ನು ಈ ಸೂತ್ರಕ್ಕೆ ಹಾಕಿ. 550 ಡಿಗ್ರಿಯಲ್ಲಿ ಓಡಿಸಿದರೆ ಅದರ ಆಯಸ್ಸು ಸುಮಾರು 50,000 ಗಂಟೆ. 560ರಲ್ಲಿ 25,000. ಅದೇ 530ಕ್ಕೆ ಇಳಿಸಿದರೆ ಎರಡು ಲಕ್ಷ ದಾಟುತ್ತದೆ. ಹತ್ತು ಡಿಗ್ರಿ ಎಂದರೆ ಸ್ನಾನದ ನೀರಿನಲ್ಲಿ ಕೈಗೆ ತಿಳಿಯುವಷ್ಟು ವ್ಯತ್ಯಾಸ. ಬಾಯ್ಲರಿನಲ್ಲಿ ಅದು ಅರ್ಧ ಆಯಸ್ಸಿನ ಬೆಲೆ. ಕೊಳವೆಯ ಒಳಮೈಗೆ ಪದರ ಕಟ್ಟಿ ಲೋಹ ಸರಿಯಾಗಿ ತಣಿಯದಿದ್ದರೆ, ಬೆಂಕಿ ಒಂದು ಪಕ್ಕಕ್ಕೆ ವಾಲಿ ಉರಿದರೆ ಇಷ್ಟು ಕಾವು ಸುಲಭವಾಗಿ ಏರುತ್ತದೆ. ಆದ್ದರಿಂದ ನಲವತ್ತು ವರ್ಷದ ಸ್ಥಾವರ ಹಳತಾಯಿತು, ಹತ್ತು ವರ್ಷದ್ದು ಹೊಸತು ಎಂದು ಕಣ್ಣುಮುಚ್ಚಿ ಹೇಳುವುದು ತಪ್ಪು. ಕಂಟ್ರೋಲ್ ರೂಮಿನ ತಾಪಮಾನದ ದಾಖಲೆ ನೋಡದೆ ಬಾಯ್ಲರಿನ ವಯಸ್ಸು ಗೊತ್ತಾಗುವುದಿಲ್ಲ.

ದಾಖಲೆಯ ಜೊತೆಗೆ ಲೋಹವನ್ನೇ ಕೇಳುವ ದಾರಿಯೂ ಇದೆ. ಘಟಕ ನಿಲ್ಲಿಸಿದಾಗ ಉಗಿ ಕೊಳವೆಯ ಬೆಸುಗೆ, ತಿರುವುಗಳ ಬಳಿ ಒಂದು ಪುಟ್ಟ ಜಾಗವನ್ನು ಕನ್ನಡಿಯಂತೆ ಉಜ್ಜಿ, ಆಮ್ಲ ಸವರಿ ಹರಳುಗಳ ಅಂಚು ಎದ್ದು ಕಾಣುವಂತೆ ಮಾಡುತ್ತಾರೆ. ಅದರ ಮೇಲೆ ತೆಳುವಾದ ಪ್ಲಾಸ್ಟಿಕ್ ಹಾಳೆ ಒತ್ತಿ ಎಬ್ಬಿಸಿದರೆ ಹೆಬ್ಬೆಟ್ಟಿನ ಗುರುತಿನ ಹಾಗೆ ಲೋಹದ ಮೈ ಅಚ್ಚಾಗಿ ಬರುತ್ತದೆ. ಕೊಳವೆ ಕತ್ತರಿಸುವ ಅಗತ್ಯವಿಲ್ಲ. ಸೂಕ್ಷ್ಮದರ್ಶಕದಲ್ಲಿ ಅಲ್ಲೊಂದು ಇಲ್ಲೊಂದು ಗುಳಿ ಕಂಡರೆ ಗಮನವಿಟ್ಟರೆ ಸಾಕು. ಗುಳಿಗಳು ಸಾಲುಗಟ್ಟಿದ್ದರೆ ಮುಂದಿನ ತಪಾಸಣೆಯ ತಾರೀಖು ಗೊತ್ತುಮಾಡಬೇಕು. ಸಾಲು ಕೂಡಿ ಕಿರುಬಿರುಕಾಗಿದ್ದರೆ ದಿನ ಎಣಿಸಬೇಕು. ಕಣ್ಣಿಗೇ ಕಾಣುವ ಬಿರುಕಾದರೆ ಆಗಲೇ ದುರಸ್ತಿ. ಬೆಂಗಳೂರಿನ ಸದಾಶಿವನಗರದ ಬಳಿ ಇರುವ ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆ ಇಂಥ ಶೇಷಾಯುಷ್ಯ ಪರೀಕ್ಷೆಗಳನ್ನು ಮಾಡುತ್ತದೆ. 1960ರಲ್ಲಿ ಹುಟ್ಟಿದ ಸಂಸ್ಥೆ ಅದು. ರೋಗಿ ಬೂದಿಯಲ್ಲಿ ಮಿಂದ ಕಬ್ಬಿಣದ ಕೊಳವೆ ಎನ್ನುವುದನ್ನು ಬಿಟ್ಟರೆ ಕೆಲಸ ವೈದ್ಯರದ್ದೇ.

ಈ ಕೆಲಸ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ 1985ರ ಜೂನ್ 9 ಸಾಕ್ಷಿ. ಅಮೆರಿಕದ ನೆವಾಡಾದ ಮೊಹಾವಿ ವಿದ್ಯುತ್ ಸ್ಥಾವರದಲ್ಲಿ ಮರುಕಾಯಿಸಿದ ಉಗಿಯ ಕೊಳವೆ ಉದ್ದನೆಯ ಬೆಸುಗೆಯ ಗುಂಟ ಬಾಯಿಬಿಟ್ಟು ಆರು ಮಂದಿ ಸತ್ತರು. ಆ ಬೆಸುಗೆ ಅಂದೇ ಸೋತದ್ದಲ್ಲ. ವರ್ಷಗಳಿಂದ ಒಳಗೊಳಗೇ ಗುಳಿ ಬೀಳುತ್ತಿತ್ತು. ಬೆಸುಗೆ ಹಾಕಿದ ಉಕ್ಕಿನಲ್ಲಿ ಬೆಸುಗೆಗಿಂತ ಅದರ ಪಕ್ಕದ, ಬೆಸುಗೆಯ ಕಾವಿಗೆ ಸ್ವಭಾವ ಕೆಟ್ಟ ಪಟ್ಟಿಯೇ ಸೋಲುವುದೂ ಉಂಟು. ಇಂದಿನ ಸೂಪರ್‌ಕ್ರಿಟಿಕಲ್ ಸ್ಥಾವರಗಳಿಗೆ ಬಳಸುವ ನೂರಕ್ಕೆ 9 ಪಾಲು ಕ್ರೋಮಿಯಂ ಉಕ್ಕಿಗೂ ಈ ತೊಂದರೆ ತಪ್ಪಿಲ್ಲ. ವಿಜಯಪುರ ಜಿಲ್ಲೆಯ ಕೂಡಗಿ, ರಾಯಚೂರಿನ ಯರಮರಸ್‌ಗಳಲ್ಲಿ 800 ಮೆಗಾವಾಟಿನ ಸೂಪರ್‌ಕ್ರಿಟಿಕಲ್ ಘಟಕಗಳಿವೆ. ಹೆಚ್ಚು ಕಾವಿನ ಉಗಿಯಿಂದ ಅದೇ ಕಲ್ಲಿದ್ದಲಿಗೆ ಹೆಚ್ಚು ವಿದ್ಯುತ್ ಸಿಗುತ್ತದೆ. ಆ ಲಾಭಕ್ಕೆ ಬೆಲೆ ತೆರುವುದು ಉಕ್ಕು.

ನೆಲಮಂಗಲದ ಕಡೆಗೇ ಮರಳಿದರೆ, ಬೆಂಗಳೂರಿನ ಹಳೆಯ ತುಮಕೂರು ರಸ್ತೆಯಲ್ಲಿ 1936ರಲ್ಲಿ ಸ್ಥಾಪನೆಯಾದ ಮೈಸೂರು ಲ್ಯಾಂಪ್ಸ್ ಕಾರ್ಖಾನೆ ಇತ್ತು. ಮೂರು ತಲೆಮಾರಿಗೆ ಬೆಳಕು ಕೊಟ್ಟ ಹಳದಿ ಬಲ್ಬಿನೊಳಗಿನ ಟಂಗ್‌ಸ್ಟನ್ ಎಳೆ ಕರಗುವುದು 3,422 ಡಿಗ್ರಿಗೆ, ಉರಿಯುವುದು ಸುಮಾರು 2,500ಕ್ಕೆ. ಅಳತೆಗೋಲಿನಲ್ಲಿ 0.75! ತನ್ನ ಭಾರಕ್ಕೇ ಜಗ್ಗಿ, ಸುರುಳಿಗೆ ಸುರುಳಿ ತಾಗಿ ಬಲ್ಬು ಹೋಗಬೇಕಿತ್ತು. ಹೋಗದಂತೆ ಕಾದದ್ದು ಟಂಗ್‌ಸ್ಟನ್ನಿಗೆ ಬೆರೆಸಿದ ಲೇಶಮಾತ್ರ ಪೊಟ್ಯಾಸಿಯಂ. ಅದು ಲೋಹದೊಳಗೆ ಸೂಕ್ಷ್ಮ ಗುಳ್ಳೆಗಳ ಸಾಲಾಗಿ ನಿಂತು ಹರಳುಗಳ ಅಂಚು ಅಡ್ಡಡ್ಡಲಾಗಿ ಬೆಳೆಯದಂತೆ ತಡೆಯುತ್ತಿತ್ತು. ಗುಳಿ ಬಿದ್ದರೆ ಉಕ್ಕು ಸಾಯುತ್ತದೆ, ಗುಳ್ಳೆ ಇಟ್ಟರೆ ಟಂಗ್‌ಸ್ಟನ್ ಬದುಕುತ್ತದೆ. ಲೋಹವಿಜ್ಞಾನದಲ್ಲಿ ಹೀಗೂ ಆಗುತ್ತದೆ.

ಅಂಚುಗಳನ್ನು ಸಂಪೂರ್ಣ ತೆಗೆದುಹಾಕಿದರೆ ಹೇಗೆ? ಆ ಹುಚ್ಚು ಯೋಚನೆ ಜೆಟ್ ಎಂಜಿನ್ನಿನಿಂದ ಬಂತು. ಟರ್ಬೈನಿನ ಅಲಗು ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುತ್ತದೆ, ಆ ತಿರುಗಾಟ ಬೆರಳುದ್ದದ ಅಲಗನ್ನು ಟನ್‌ಗಟ್ಟಲೆ ಬಲದಿಂದ ಹೊರಗೆ ಎಳೆಯುತ್ತದೆ. ಮೇಲೆ ಬೀಸುವ ಅನಿಲ ಅಲಗಿನ ಲೋಹ ಕರಗುವ ತಾಪಕ್ಕಿಂತ ಬಿಸಿ. ಒಳಗಿನ ಸಣ್ಣ ಕಾಲುವೆಗಳಲ್ಲಿ ಗಾಳಿ ಹರಿಸಿ ತಣಿಸದಿದ್ದರೆ ಅದು ನಿಲ್ಲುವುದೇ ಇಲ್ಲ. ಅಲಗು ಹಿಗ್ಗಿ ಸುತ್ತಲಿನ ಕವಚಕ್ಕೆ ಉಜ್ಜಿದರೆ ಎಂಜಿನ್ ಮುಗಿಯಿತು. ಎರಡನೇ ಮಹಾಯುದ್ಧದ ಹೊತ್ತಿಗೆ ಬ್ರಿಟನ್ನಿನಲ್ಲಿ ನಿಕ್ಕಲ್-ಕ್ರೋಮಿಯಂ ಮಿಶ್ರಲೋಹ ನಿಮೋನಿಕ್ ಬಂತು. ಅದರಲ್ಲಿ ಅಲ್ಯೂಮಿನಿಯಂ, ಟೈಟಾನಿಯಂ ಸೇರಿ ಹುಟ್ಟುವ ಕಿರುಕಣಗಳು ತಪ್ಪಿದ ಸಾಲುಗಳ ದಾರಿಗೆ ಅಡ್ಡ ನಿಂತವು. 1960ರ ದಶಕದಲ್ಲಿ ಅಮೆರಿಕದ ಪ್ರ್ಯಾಟ್ ಅಂಡ್ ವಿಟ್ನಿ ಕಂಪನಿಯ ಫ್ರಾನ್ಸಿಸ್ ವರ್‌ಸ್ನೈಡರ್ ಮತ್ತು ಸಂಗಡಿಗರು ಎರಕವನ್ನು ಒಂದು ತುದಿಯಿಂದ ತಣಿಸುತ್ತ ಬಂದರು. ಮೊದಲು ಹರಳುಗಳೆಲ್ಲ ಅಲಗಿನ ಉದ್ದಕ್ಕೇ ಬೆಳೆದವು, ಅಡ್ಡ ಅಂಚು ಉಳಿಯಲಿಲ್ಲ. ಆಮೇಲೆ ಅಚ್ಚಿನ ಬುಡದಲ್ಲಿ ಸುರುಳಿ ಸುತ್ತಿದ ಕಿರುದಾರಿ ಇಟ್ಟರು. ಹಲವು ಹರಳುಗಳು ಒಳಹೊಕ್ಕು ತಿರುವುಗಳಲ್ಲಿ ಒಂದೊಂದೇ ಸೋತು, ಕೊನೆಗೆ ಒಂದೇ ಹರಳು ಹೊರಬಂದು ಇಡೀ ಅಲಗಾಗಿ ಬೆಳೆಯಿತು. ಅಂಚೇ ಇಲ್ಲದ ಲೋಹ.

ಬೆಂಗಳೂರಿಗೆ ಈ ಕಥೆ ಹೊರಗಿನದಲ್ಲ. ಎಚ್‌ಎಎಲ್‌ನ ಎಂಜಿನ್ ವಿಭಾಗ 1950ರ ದಶಕದ ಕೊನೆಯಲ್ಲಿ ಆರ್ಫಿಯಸ್ ಎಂಜಿನ್ನುಗಳನ್ನು ಕಟ್ಟಲೆಂದೇ ಹುಟ್ಟಿತು; 1961ರಲ್ಲಿ ಇದೇ ಊರಿನಲ್ಲಿ ಹಾರಿದ ಮಾರುತ್ ವಿಮಾನಕ್ಕೆ ಅದೇ ಎಂಜಿನ್. ಸಿ.ವಿ. ರಾಮನ್ ನಗರದ ಅನಿಲ ಟರ್ಬೈನ್ ಸಂಶೋಧನಾ ಸಂಸ್ಥೆ 1989ರಲ್ಲಿ ಮಂಜೂರಾದ ಕಾವೇರಿ ಎಂಜಿನ್ನಿನ ಮೇಲೆ ದಶಕಗಳನ್ನು ಕಳೆಯಿತು. ಅದನ್ನು ಹೊರಬೇಕಿದ್ದ ತೇಜಸ್ ಯುದ್ಧವಿಮಾನ ಕೊನೆಗೆ ಅಮೆರಿಕದ ಎಂಜಿನ್ ಹೊತ್ತೇ ಹಾರಿತು. ಕಾವೇರಿ ಹಿಂದೆ ಬಿದ್ದದ್ದಕ್ಕೆ ಕಾರಣಗಳು ಹಲವು. ಆದರೆ ಬಿಸಿ ಭಾಗದ ಲೋಹ ಕೈವಶವಾಗದೆ ಯಾವ ದೇಶಕ್ಕೂ ಸ್ವಂತ ಯುದ್ಧವಿಮಾನದ ಎಂಜಿನ್ ದಕ್ಕಿಲ್ಲ. ಹೈದರಾಬಾದಿನ ರಕ್ಷಣಾ ಲೋಹ ಸಂಶೋಧನಾ ಪ್ರಯೋಗಾಲಯ ಒಂಟಿ ಹರಳಿನ 60 ಅಲಗುಗಳನ್ನು ಹೆಲಿಕಾಪ್ಟರ್ ಎಂಜಿನ್ನಿಗಾಗಿ ಎಚ್‌ಎಎಲ್‌ಗೆ ಒಪ್ಪಿಸಿದ ಸುದ್ದಿ 2021ರ ಏಪ್ರಿಲಿನಲ್ಲಿ ಬಂತು. ಐದು ಸೆಟ್, ಒಟ್ಟು 300 ಅಲಗುಗಳ ಯೋಜನೆಯ ಮೊದಲ ಕಂತು ಅದು. ಕೋವಿಡ್ ಎರಡನೇ ಅಲೆಯ ನಡುವೆ ಬಂದ ಸುದ್ದಿ. ಪತ್ರಿಕೆಗಳಲ್ಲಿ ಮೂಲೆ ಸೇರಿತು.

ಅಷ್ಟು ಕಾವಿಲ್ಲದೆಯೂ ಜಗ್ಗಿಸುವ ಶಕ್ತಿಯೊಂದಿದೆ. ಕಾಳಿ ದಂಡೆಯ ಕೈಗಾದಲ್ಲಿ 220 ಮೆಗಾವಾಟಿನ ನಾಲ್ಕು ಪರಮಾಣು ಘಟಕಗಳಿವೆ, ಪ್ರತಿಯೊಂದರಲ್ಲೂ ಅಡ್ಡಡ್ಡ ಮಲಗಿಸಿದ 306 ಕೊಳವೆಗಳಲ್ಲಿ ಇಂಧನವೂ ಅದನ್ನು ತಣಿಸುವ ಭಾರಜಲವೂ ಇರುತ್ತವೆ. ಕೊಳವೆ ಜಿರ್ಕೋನಿಯಂ-ನಯೋಬಿಯಂ ಮಿಶ್ರಲೋಹದ್ದು. ಒಳಗಿನ ಕಾವು 300 ಡಿಗ್ರಿಯೊಳಗೆ, ಅಳತೆಗೋಲಿನಲ್ಲಿ 0.27. ಆ ಲೆಕ್ಕಕ್ಕೆ ಅದು ಅಲುಗಬಾರದು. ಆದರೆ ನ್ಯೂಟ್ರಾನುಗಳು ಹಗಲೂ ರಾತ್ರಿ ಬಡಿದು ಪರಮಾಣುಗಳನ್ನು ಜಾಗದಿಂದ ಎಬ್ಬಿಸುವುದರಿಂದ ಕೊಳವೆ ಉದ್ದವಾಗುತ್ತದೆ, ಸುತ್ತಳತೆ ಹಿಗ್ಗುತ್ತದೆ, ನಡುವೆ ಜೋಲುತ್ತದೆ. ಜೋತು ಹೊರಗಿನ ತಣ್ಣನೆಯ ಕೊಳವೆಗೆ ತಾಗದಂತೆ ಸುತ್ತ ಸ್ಪ್ರಿಂಗ್ ಬಳೆಗಳನ್ನು ತೊಡಿಸಿರುತ್ತಾರೆ. ಕೆನಡಾದ ಪಿಕರಿಂಗ್ ಸ್ಥಾವರದಲ್ಲಿ 1983ರ ಆಗಸ್ಟಿನಲ್ಲಿ ಇಂಥ ಬಳೆ ಸರಿದು, ಕೊಳವೆ ತಾಗಿ, ತಾಗಿದ ಜಾಗದಲ್ಲಿ ಹೈಡ್ರೈಡ್ (ಹೈಡ್ರೋಜನ್ ಕೂಡಿದ ಲೋಹ) ಬೊಕ್ಕೆ ಎದ್ದು ಕೊಳವೆ ಸೀಳಿತ್ತು. 2018ರ ಕೊನೆಯಲ್ಲಿ ಕೈಗಾದ ಒಂದನೇ ಘಟಕ 962 ದಿನ ನಿಲ್ಲದೆ ಓಡಿ ಅಂದಿನ ವಿಶ್ವದಾಖಲೆ ಬರೆಯಿತು. ಅಷ್ಟೂ ದಿನ ಆ ಕೊಳವೆಗಳು ಜಗ್ಗುತ್ತಲೇ ಇದ್ದವು, ಲೆಕ್ಕ ಹಾಕಿದ ಮಿತಿಯೊಳಗೆ.

ಜಗ್ಗುವುದಕ್ಕೆ ಒಂದು ಅವಳಿ ಇದೆ: ಸಡಿಲಾಗುವುದು. ಉದ್ದ ಬದಲಾಗದಂತೆ ಎರಡು ತುದಿ ಬಿಗಿದು ಹಿಡಿದರೆ ಲೋಹ ಹಿಗ್ಗಲಾರದೆ ಒಳಗಿನ ಬಿಗಿಯನ್ನೇ ಬಿಟ್ಟುಕೊಡುತ್ತದೆ. ನೆಲಮಂಗಲದಿಂದ ಬೆಂಗಳೂರಿಗೆ ಹೋಗುವವರ ತಲೆನೋವಾಗಿದ್ದ ಪೀಣ್ಯ ಮೇಲ್ಸೇತುವೆಯನ್ನು ನೆನಪಿಸಿಕೊಳ್ಳಿ. 102 ಮತ್ತು 103ನೇ ಕಂಬಗಳ ನಡುವೆ ಒಳಗಿನ ಕೇಬಲ್‌ಗಳು ಕೆಟ್ಟದ್ದು ಗೊತ್ತಾಗಿ 2021ರ ಡಿಸೆಂಬರಿನಲ್ಲಿ ಅದನ್ನು ಮುಚ್ಚಿದರು. ಎರಡು ತಿಂಗಳ ಬಳಿಕ ಸಣ್ಣ ವಾಹನಗಳಿಗೆ, 2024ರ ಜುಲೈ ಕೊನೆಗೆ ಲಾರಿ ಬಸ್ಸುಗಳಿಗೆ ತೆರೆದರು. ಅಲ್ಲಿ ವರದಿಯಾದದ್ದು ತುಕ್ಕು. ಸಡಿಲಾಗುವುದರ ತಪ್ಪು ಅಲ್ಲ. ಆದರೂ ಅಂಥ ಸೇತುವೆಯಲ್ಲಿ ಕಾಂಕ್ರೀಟನ್ನು ಹಿಂಡಿ ಹಿಡಿದಿರುವುದು ಎಳೆದು ಬಿಗಿದ ಉಕ್ಕಿನ ಕೇಬಲ್ ಎಂಬುದನ್ನು ಆ ಎರಡೂವರೆ ವರ್ಷ ಎಲ್ಲರಿಗೂ ಕಲಿಸಿತು. ಕೇಬಲ್ ಎಷ್ಟು ಸಡಿಲಾಗಬಹುದು ಎಂಬುದಕ್ಕೂ ಮಿತಿ ಇದೆ: ತುಂಡಾಗುವ ಹೊರೆಯ ನೂರಕ್ಕೆ 70ರಷ್ಟು ಎಳೆದು 1,000 ಗಂಟೆ ಇಟ್ಟರೆ ಬಿಗಿ ನೂರಕ್ಕೆ ಎರಡೂವರೆ ಪಾಲಿಗಿಂತ ಹೆಚ್ಚು ಕಳೆಯಬಾರದು. ಕಾಂಕ್ರೀಟು ತಾನೂ ಜಗ್ಗುತ್ತದೆ. ಫ್ರಾನ್ಸಿನ ಯೂಜೀನ್ ಫ್ರೆಸಿನೆ 1911ರ ಸುಮಾರಿಗೆ ಕಟ್ಟಿದ ಸೇತುವೆಯ ಕಮಾನು ತಿಂಗಳುಗಟ್ಟಲೆ ಕುಸಿಯುತ್ತ ಬಂದಾಗ ಜ್ಯಾಕ್ ಇಟ್ಟು ಎತ್ತಿ ಉಳಿಸಿದರು. ಸಾದಾ ಉಕ್ಕಿನ ಬಿಗಿಯನ್ನು ಕಾಂಕ್ರೀಟಿನ ಈ ಕುಸಿತ ಪೂರ್ತಿ ತಿಂದುಹಾಕುತ್ತದೆ, ಆದ್ದರಿಂದ ಅತಿ ಬಲದ ಉಕ್ಕನ್ನೇ ಎಳೆಯಬೇಕು ಎಂಬ ಅರಿವು ಅವರಿಗೆ ದಕ್ಕಿದ್ದು ಹಾಗೆ.

ಇಷ್ಟೆಲ್ಲ ಲೆಕ್ಕಕ್ಕೆ ಆಧಾರ ಪ್ರಯೋಗಾಲಯದ ಪರೀಕ್ಷೆಗಳು. ಅಲ್ಲಿಯೇ ಈ ವಿದ್ಯೆಯ ದೌರ್ಬಲ್ಯವೂ ಇದೆ. ನಲವತ್ತು ವರ್ಷ ದುಡಿಯುವ ಕೊಳವೆಯ ಬಗ್ಗೆ ಒಂದೆರಡು ವರ್ಷದ ಪರೀಕ್ಷೆಯಿಂದ ಊಹೆ ಮಾಡುತ್ತೇವೆ. ಲೋಹ ನಡುದಾರಿಯಲ್ಲಿ ಸ್ವಭಾವ ಬದಲಿಸಿದರೆ ಊಹೆ ತಪ್ಪುತ್ತದೆ. ಜಪಾನಿನ ರಾಷ್ಟ್ರೀಯ ಲೋಹ ಸಂಶೋಧನಾ ಸಂಸ್ಥೆ ಇದಕ್ಕೆ ಹಟದ ಉತ್ತರ ಕೊಟ್ಟಿತು. 1969ರ ಜೂನ್‌ನಲ್ಲಿ ಸಾದಾ ಉಕ್ಕಿನ ಒಂದು ಸರಳಿಗೆ 400 ಡಿಗ್ರಿಯಲ್ಲಿ ಹೊರೆ ಕಟ್ಟಿದವರು ಬಿಚ್ಚಿದ್ದು 2011ರ ಮಾರ್ಚಿನಲ್ಲಿ, 3,56,000 ಗಂಟೆ ದಾಟಿದ ಮೇಲೆ. ಪರೀಕ್ಷೆ ಶುರುಮಾಡಿದವರು ನಿವೃತ್ತರಾದರು, ಸರಳು ತುಂಡಾಗಿರಲಿಲ್ಲ.

ಈಗ ಹೊಸ ಸವಾಲು ಪಾವಗಡದ ಕಡೆಯಿಂದ ಬಂದಿದೆ. ಅಲ್ಲಿನ 2,050 ಮೆಗಾವಾಟಿನ ಸೌರ ಪಾರ್ಕಿನಂಥವು ಹಗಲು ವಿದ್ಯುತ್ ಸುರಿಯುತ್ತವೆ, ಸಂಜೆ ನಿಲ್ಲುತ್ತವೆ. ಅದಕ್ಕೆ ಹೊಂದಿಕೊಂಡು ಕಲ್ಲಿದ್ದಲ ಸ್ಥಾವರಗಳು ಹಗಲು ಕುಗ್ಗಿ ಸಂಜೆ ಹಿಗ್ಗಬೇಕು. ಸಾಮರ್ಥ್ಯದ ನೂರಕ್ಕೆ 40ರಷ್ಟಕ್ಕೆ ಇಳಿದು ಓಡಲು ತಯಾರಾಗಿ ಎಂದು ಕೇಂದ್ರೀಯ ವಿದ್ಯುತ್ ಪ್ರಾಧಿಕಾರದ 2023ರ ನಿಯಮಗಳು ಹೇಳುತ್ತವೆ. ಶಕ್ತಿನಗರದಂಥ ಹಳೆಯ ಘಟಕಗಳನ್ನು ವಿನ್ಯಾಸ ಮಾಡಿದ್ದು ಒಂದೇ ಸಮ ಓಡಲಿಕ್ಕೆ. ದಪ್ಪ ಕೊಳವೆ ದಿನವೂ ತಣಿದು ಕಾದರೆ ಜಗ್ಗುವಿಕೆಗೆ ದಣಿವು ಸೇರಿಕೊಳ್ಳುತ್ತದೆ. ಎರಡೂ ಕೂಡಿದರೆ ಆಯಸ್ಸು ಎರಡರ ಮೊತ್ತಕ್ಕಿಂತ ಬೇಗ ಕರಗಬಹುದು. ಸೌರವಿದ್ಯುತ್ತಿನ ದರದ ಚರ್ಚೆಯಲ್ಲಿ ಈ ಖರ್ಚು ಕಾಣಿಸುವುದಿಲ್ಲ. ಕಾಣಿಸಬೇಕು. ಗಂಟೆ, ಡಿಗ್ರಿಗಳ ದಾಖಲೆಯನ್ನು ಸ್ಥಾವರಗಳ ಕಂಟ್ರೋಲ್ ರೂಮಿನಿಂದ ಹೊರತಂದು, ಮೆಗಾವಾಟಿನ ಅಂಕಿಯಷ್ಟೇ ಸಲೀಸಾಗಿ ಸಾರ್ವಜನಿಕರ ಮುಂದಿಟ್ಟರೆ ಯಾವ ಘಟಕ ಇನ್ನೆಷ್ಟು ದಿನ ಎಂಬ ಜಗಳಕ್ಕೆ ಒಂದು ತಳಪಾಯ ಸಿಗುತ್ತದೆ.

ಮನೆಯ ಮಟ್ಟದಲ್ಲೂ ಮಾಡಬಹುದಾದದ್ದಿದೆ. ಕಂಬದಿಂದ ಮೀಟರಿಗೆ ಬರುವ ಸರ್ವಿಸ್ ವೈರು ಸಾಮಾನ್ಯವಾಗಿ ಅಲ್ಯೂಮಿನಿಯಂ. ಸ್ಕ್ರೂ ಕೆಳಗೆ ಬಿಗಿದ ಅಲ್ಯೂಮಿನಿಯಂ ವರ್ಷಗಳಲ್ಲಿ ಹಿಂಡಿದಂತೆ ಪಕ್ಕಕ್ಕೆ ಸರಿದು ಸಡಿಲಾಗುತ್ತದೆ, ಸಡಿಲಾದ ಜಾಗ ಕಾಯುತ್ತದೆ, ಕಾದದ್ದು ಇನ್ನಷ್ಟು ಸಡಿಲಾಗುತ್ತದೆ. ದೀಪ ಮಿಣುಕುತ್ತಿದ್ದರೆ, ಮೀಟರ್ ಬೋರ್ಡಿನ ಬಳಿ ಸುಟ್ಟ ವಾಸನೆ ಬಂದರೆ ಲೂಸ್ ಕನೆಕ್ಷನ್ ಎಂದು ತಟ್ಟಿ ಸುಮ್ಮನಾಗದೆ ಬಲ್ಲವರಿಂದ ಬಿಗಿ ಮಾಡಿಸಿ. ಹೊಲದ ಮೇಲಿನ 11 ಕೆವಿ ತಂತಿ ನೆಲದಿಂದ ಕನಿಷ್ಠ 4.6 ಮೀಟರ್ ಎತ್ತರದಲ್ಲಿರಬೇಕು. ವಾಲಿದ ಕಂಬದಿಂದಲೋ, ಜಗ್ಗಿದ ತಂತಿಯಿಂದಲೋ ಅದಕ್ಕಿಂತ ಇಳಿದದ್ದು ಕಂಡರೆ ಬಿದಿರಿನ ಕೋಲು ಕೊಟ್ಟು ಎತ್ತಲು ಹೋಗಬೇಡಿ. ನೆಲಮಂಗಲದವರು ಬೆಸ್ಕಾಂನ 1912ಕ್ಕೆ ಫೋನ್ ಮಾಡಿ, ದೂರಿನ ನಂಬರ್ ಬರೆದಿಟ್ಟುಕೊಳ್ಳಿ, ಪವರ್‌ಮನ್ ಬರುವವರೆಗೆ ದನಕರುಗಳನ್ನು ಆ ಕಡೆ ಬಿಡಬೇಡಿ.